ಟೇಶನ್, ಪಂಚರ, ನಪಾಸ: ಕನ್ನಡ ತನ್ನದಾಗಿಸಿಕೊಂಡ ಮಾತುಗಳು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಆಡುಮಾತಿನಲ್ಲಿ ಇಂಗ್ಲಿಷಿನಿಂದ ಬಂದ ಶಬ್ದಗಳಿಗೆ ಲೆಕ್ಕವಿಲ್ಲ. ಸ್ಟೇಶನ್ ಇಲ್ಲಿ ಟೇಶನ್ ಆಗಿದೆ, ಪಂಕ್ಚರ್ ಪಂಚರ ಆಗಿದೆ, ಆಫೀಸು ಆಪೀಸ ಆಗಿದೆ, ಕಬ್ಬು ಹೇರುವ ಟ್ರೇಲರ್ ಟೇಲರ ಆಗಿದೆ. ಹೊಲದಲ್ಲಾಗಲಿ ಸಂತೆಯಲ್ಲಾಗಲಿ ಬಸ್‌ಸ್ಟ್ಯಾಂಡಿನಲ್ಲಾಗಲಿ ಇಂಥ ಶಬ್ದಗಳಿಲ್ಲದೆ ಒಂದು ತಾಸು ಕೂಡ ವ್ಯವಹಾರ ಸಾಗುವುದಿಲ್ಲ. ಇಷ್ಟು ದುಡಿಯುವ ಈ ಮಾತುಗಳಿಗೆ ಮರ್ಯಾದೆ ಮಾತ್ರ ಸಿಕ್ಕಿಲ್ಲ. ಇಂಗ್ಲಿಷ್ ಬಲ್ಲವರಿಗೆ ಇವು ಕೆಟ್ಟ ಇಂಗ್ಲಿಷ್, ಅಚ್ಚಗನ್ನಡದ ಅಭಿಮಾನಿಗಳಿಗೆ ಕೆಟ್ಟ ಕನ್ನಡ. ಸಿನಿಮಾದಲ್ಲಿ ಹಳ್ಳಿಯವನನ್ನು ನಗೆಪಾಟಲು ಮಾಡಲು ಅವನ ಬಾಯಲ್ಲಿ ಇಂಥ ಎರಡು ಶಬ್ದ ಹಾಕಿದರೆ ಸಾಕು ಎಂಬಂತಾಗಿದೆ. ತರಗತಿಯಲ್ಲಿ ಮಗು ಹೀಗೆ ಅಂದರೆ ಉಳಿದವರು ನಗುತ್ತಾರೆ. ಈ ನಗು ಅನ್ಯಾಯದ್ದು, ತಿಳಿಯದೆ ನಕ್ಕದ್ದು ಎಂಬುದು ನನ್ನ ವಾದ. ಇವು ಬಾಯಿ ತಿರುಗದವರ ತಪ್ಪುಗಳಾಗಿದ್ದರೆ ಒಬ್ಬೊಬ್ಬರ ಬಾಯಲ್ಲಿ ಒಂದೊಂದು ರೂಪ ತಾಳಬೇಕಿತ್ತು. ನಾಲ್ಕೂ ತಾಲೂಕಿನ ಮಂದಿ, ಒಬ್ಬರನ್ನೊಬ್ಬರು ಕೇಳದೆಯೇ, ಒಂದೇ ರೀತಿಯಲ್ಲಿ ಶಬ್ದಗಳನ್ನು ತಿರುಗಿಸುತ್ತಾರೆ. ಆ ತಿರುಗಿಸುವಿಕೆಗೆ ನಿಯಮವಿದೆ, ಆ ನಿಯಮ ಕನ್ನಡದ್ದು, ಅದು ಇಂಗ್ಲಿಷರು ಈ ನೆಲಕ್ಕೆ ಕಾಲಿಡುವುದಕ್ಕಿಂತ ಎಷ್ಟೋ ಶತಮಾನ ಹಳೆಯದು.

ಮೊದಲು ಎಲ್ಲರ ಬಾಯಲ್ಲೂ ಇರುವ ಸಣ್ಣ ಶಬ್ದಗಳನ್ನೇ ನೋಡೋಣ. ಬಸ್ ಎಂಬುದನ್ನು ನಾವು ಬಸ್ಸು ಎನ್ನುತ್ತೇವೆ, ಪೆನ್ ಎಂಬುದನ್ನು ಪೆನ್ನು, ನಟ್ ಎಂಬುದನ್ನು ನಟ್ಟು, ಬಿಲ್ ಎಂಬುದನ್ನು ಬಿಲ್ಲು ಎನ್ನುತ್ತೇವೆ. ಆದರೆ ಕಾರ್ ಎಂಬುದು ಕಾರು ಆಗುತ್ತದೆ, ಕಾರ್ರು ಆಗುವುದಿಲ್ಲ. ರೋಡು, ಬೂಟು, ಕೋಟು ಕೂಡ ಹಾಗೆಯೇ. ಮೊದಲಿನ ಸ್ವರ ಗಿಡ್ಡದಾಗಿದ್ದರೆ ಮುಂದಿನ ವ್ಯಂಜನ ಇಮ್ಮಡಿಸುತ್ತದೆ, ಉದ್ದದ್ದಾಗಿದ್ದರೆ ಇಮ್ಮಡಿಸುವುದಿಲ್ಲ. ಈ ಕಟ್ಟಳೆ ಎಲ್ಲಿಂದ ಬಂತು? ಹಳಗನ್ನಡದ ಕಣ್, ಕಲ್, ಪಲ್ ಎಂಬ ಶಬ್ದಗಳು ಹೊಸಗನ್ನಡಕ್ಕೆ ಬರುವಾಗ ಕಣ್ಣು, ಕಲ್ಲು, ಹಲ್ಲು ಆದವು. ಕಾಲ್, ಪಾಲ್, ಬೇರ್ ಎಂಬವು ಇಮ್ಮಡಿಸದೆ ಕಾಲು, ಹಾಲು, ಬೇರು ಆದವು. ಅಂದರೆ ಹಳಗನ್ನಡವನ್ನು ಹೊಸಗನ್ನಡ ಮಾಡಿದ ಅದೇ ಕೈ ಇಂಗ್ಲಿಷಿನ ಬಸ್ಸನ್ನೂ ಕಾರನ್ನೂ ತಿದ್ದಿದೆ. ನಮ್ಮ ಸೀಮೆಯ ಮಾತಿನಲ್ಲಿ ಕೊನೆಯ ಉಕಾರ ಸಡಿಲಾಗಿ ಬಸ್ಸ, ಪೆನ್ನ ಎಂದು ಕೇಳಿಸಬಹುದು. ಆದರೆ ಬಸ್ಸಿನ್ಯಾಗ, ಕಾರಿನ್ಯಾಗ ಎಂದಾಗ ಕಟ್ಟಳೆ ಒಂದಿಷ್ಟೂ ತಪ್ಪುವುದಿಲ್ಲ. ಸಾಲಿಯ ಮೆಟ್ಟಿಲು ಹತ್ತದ ಅಜ್ಜಿಯೂ ಇದನ್ನು ತಪ್ಪುವುದಿಲ್ಲ. ಯಾವ ಮಾಸ್ತರರೂ ಕಲಿಸದ ವ್ಯಾಕರಣವನ್ನು ಇಷ್ಟು ನಿಖರವಾಗಿ ಪಾಲಿಸುವವರನ್ನು ಭಾಷೆ ಬಾರದವರು ಎನ್ನುವುದು ಹೇಗೆ?

ಶಬ್ದದ ಮೊದಲಿಗೆ ಬರುವ ಒತ್ತಕ್ಷರಗಳ ಕಥೆಯೂ ಇದೇ. 13ನೆಯ ಶತಮಾನದಲ್ಲಿ ಕೇಶಿರಾಜ ಶಬ್ದಮಣಿದರ್ಪಣ ಬರೆದಾಗ ಅಪಭ್ರಂಶ ಪ್ರಕರಣವೆಂದು ಒಂದು ಭಾಗವನ್ನೇ ಮೀಸಲಿಟ್ಟು, ಸಂಸ್ಕೃತದ ಶಬ್ದಗಳು ಕನ್ನಡಕ್ಕೆ ಬರುವಾಗ ಹೇಗೆ ರೂಪ ಬದಲಿಸುತ್ತವೆ ಎಂಬುದಕ್ಕೆ ಸೂತ್ರ ಕಟ್ಟಿದ. ಸ್ಥಾನ ತಾಣವಾಯಿತು, ಶ್ರೀ ಸಿರಿಯಾಯಿತು, ಶಾಲೆ ಸಾಲೆಯಾಯಿತು, ಯಾತ್ರೆ ಜಾತ್ರೆಯಾಯಿತು, ರತ್ನ ರತುನವಾಯಿತು. ಸ್ಥಾನದ ಮೊದಲ ಸಕಾರ ಬಿದ್ದು ತಾಣ ಆದಂತೆಯೇ ಸ್ಟೇಶನ್ನಿನ ಸಕಾರ ಬಿದ್ದು ಟೇಶನ್ ಆಗಿದೆ. ಶ್ರೀ ಎಂಬ ಒತ್ತಕ್ಷರ ನಡುವೆ ಸ್ವರ ಪಡೆದು ಸಿರಿ ಆದಂತೆಯೇ ಗ್ಲಾಸು ಗಿಲಾಸ ಆಗಿದೆ. ಶಾಲೆಯ ಶಕಾರ ಸಕಾರವಾದಂತೆಯೇ ಮಶೀನು ಮಸೀನ ಆಗಿದೆ, ಇಲೆಕ್ಶನ್ನು ಇಲೆಕ್ಸನ್ ಆಗಿದೆ. ಸವದತ್ತಿ ಸೀಮೆಯವರು ಇವತ್ತಿಗೂ ಮಕ್ಕಳನ್ನು ಸಾಲಿಗೆ ಕಳಿಸುತ್ತಾರೆ, ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಎಲ್ಲಮ್ಮನ ಜಾತ್ರಿಗೆ ಹೋಗುತ್ತಾರೆ. ಜಾತ್ರೆಯನ್ನು ಕೆಟ್ಟ ಸಂಸ್ಕೃತವೆಂದು ಯಾರೂ ಹೀಗಳೆಯುವುದಿಲ್ಲ, ತದ್ಭವವೆಂದು ಪಾಠಪುಸ್ತಕದಲ್ಲಿ ಅಚ್ಚುಹಾಕಿ ಕಲಿಸುತ್ತೇವೆ. ಸಂಸ್ಕೃತದಿಂದ ಬಂದದ್ದು ಬದಲಾದರೆ ತದ್ಭವ, ಇಂಗ್ಲಿಷಿನಿಂದ ಬಂದದ್ದು ಅದೇ ನಿಯಮದಂತೆ ಬದಲಾದರೆ ತಪ್ಪು ಎನ್ನುವ ನ್ಯಾಯಕ್ಕೆ ವ್ಯಾಕರಣದಲ್ಲಿ ಆಧಾರವಿಲ್ಲ. ಆ ಭೇದ ಹುಟ್ಟಿದ್ದು ಭಾಷೆಯ ಹೊರಗೆ, ಇಂಗ್ಲಿಷ್ ಅಧಿಕಾರದ ಭಾಷೆಯಾಗಿ ಬಂದು ಕೂತದ್ದರಿಂದ.

ಉಚ್ಚಾರದ ಇನ್ನೆರಡು ಗುಣಗಳು ಈ ಸೀಮೆಯ ಆಡುಮಾತಿಗೆ ನೇರವಾಗಿ ಸೇರಿದವು. ಬ್ಯಾಂಕು, ಗ್ಯಾಸು, ಟ್ಯಾಂಕು ಎಂಬಲ್ಲಿ ಬರುವ ಬಾಯಗಲಿಸಿದ ಸ್ವರಕ್ಕೆ ಕನ್ನಡದ ವರ್ಣಮಾಲೆಯಲ್ಲಿ ಬೇರೆ ಅಕ್ಷರವಿಲ್ಲ. ಆದರೆ ನಮ್ಮ ಮಂದಿಗೆ ಆ ಸ್ವರ ಹೊಸದಾಗಿರಲಿಲ್ಲ. ಮೇಲೆ ಎಂಬುದನ್ನು ಮ್ಯಾಲ, ಬೇಡ ಎಂಬುದನ್ನು ಬ್ಯಾಡ, ಪೇಟೆ ಎಂಬುದನ್ನು ಪ್ಯಾಟಿ ಎನ್ನುವ ಬಾಯಿಗೆ ಬ್ಯಾಂಕು ಎನ್ನಲು ಯಾವ ತರಬೇತಿಯೂ ಬೇಕಾಗಲಿಲ್ಲ. ಫಕಾರದ ವಿಷಯದಲ್ಲಿ ಇದರ ತಿರುಗುಮುರುಗು. ಕೆಳತುಟಿಗೆ ಹಲ್ಲು ತಾಗಿಸಿ ಉಸಿರು ಬಿಡುವ ಆ ಧ್ವನಿ ಕನ್ನಡದಲ್ಲಿ ಇರಲೇ ಇಲ್ಲ. ಆದ್ದರಿಂದಲೇ ಅದನ್ನು ಬರೆಯಲು ಅಕ್ಷರದ ಕೆಳಗೆ ಎರಡು ಚುಕ್ಕೆ ಇಡುವ ಉಪಾಯ ಹುಡುಕಬೇಕಾಯಿತು. ಬಾಯಿ ತನಗೆ ಹತ್ತಿರವಿದ್ದ ಪಕಾರವನ್ನು ಆರಿಸಿತು: ಆಪೀಸ, ಪೋನು, ಪೋಟೊ. ಒಂದು ಕಡೆ ಇಂಗ್ಲಿಷಿನ ಸ್ವರ ಸಲೀಸಾಗಿ ಒಳಬಂದದ್ದು, ಇನ್ನೊಂದು ಕಡೆ ಇಂಗ್ಲಿಷಿನ ವ್ಯಂಜನ ಬಾಗಿಲಲ್ಲೇ ವೇಷ ಬದಲಿಸಿದ್ದು, ಎರಡಕ್ಕೂ ಕಾರಣ ಕೇಳುವ ಕಿವಿಯಲ್ಲಿ ಮೊದಲೇ ಇದ್ದ ಕನ್ನಡ.

ಆದರೆ ಒಂದೇ ಕನ್ನಡ ನಾಡಿನಲ್ಲಿ ಒಂದೇ ಇಂಗ್ಲಿಷ್ ಶಬ್ದ ಎರಡು ರೂಪ ತಾಳಿದ್ದೇಕೆ? ಹಳೆ ಮೈಸೂರಿನಲ್ಲಿ ಮೇಷ್ಟ್ರು, ಇಲ್ಲಿ ಮಾಸ್ತರ. ಲಂಕೇಶರು ಅಲ್ಲಿ ಮೇಷ್ಟ್ರು, ಬೇಂದ್ರೆಯವರು ಇಲ್ಲಿ ಮಾಸ್ತರು. ಇದರ ಹಿಂದೆ ಇತಿಹಾಸವಿದೆ. 1818ರಲ್ಲಿ ಪೇಶ್ವೆಯರ ಆಳ್ವಿಕೆ ಮುಗಿದು, 1824ರಲ್ಲಿ ಚೆನ್ನಮ್ಮನ ಕಿತ್ತೂರು ಬ್ರಿಟಿಷರ ಪಾಲಾದ ಮೇಲೆ ಈ ಸೀಮೆ 1956ರವರೆಗೂ ಮುಂಬೈಯ ಆಡಳಿತದಲ್ಲಿತ್ತು. ರಾಮದುರ್ಗವಂತೂ 1948ರವರೆಗೆ ಮರಾಠಿ ಮಾತನಾಡುವ ಭಾವೆ ಮನೆತನದ ಸಂಸ್ಥಾನ. ಬೆಳಗಾವಿ, ಧಾರವಾಡ ಕಡೆಯ ಸಾಲಿಗಳಲ್ಲಿ ಮರಾಠಿಯದೇ ಮೇಲುಗೈಯಾಗಿದ್ದ ಕಾಲದಲ್ಲಿ ಡೆಪ್ಯುಟಿ ಚನ್ನಬಸಪ್ಪನವರಂಥವರು ಕನ್ನಡ ಸಾಲಿಗಳಿಗಾಗಿ ಹೆಣಗಿದ್ದು ಎಲ್ಲರಿಗೂ ಗೊತ್ತು. ಹೀಗಾಗಿ ಇಂಗ್ಲಿಷ್ ಇಲ್ಲಿಗೆ ಬಹಳಷ್ಟು ಸಲ ನೇರವಾಗಿ ಬರಲಿಲ್ಲ, ಮರಾಠಿಯ, ಉರ್ದುವಿನ ಹೊಸ್ತಿಲು ದಾಟಿ ಬಂತು. ಕಪ್ಪುಬಸಿ ಎಂಬ ಜೋಡುಶಬ್ದದಲ್ಲಿ ಕಪ್ಪು ಇಂಗ್ಲಿಷಿನದು, ಬಸಿ ಮರಾಠಿಯದು. ನಪಾಸ ಎಂಬುದರಲ್ಲಿ ಪಾಸು ಇಂಗ್ಲಿಷಿನದು, ಅದರ ಹಿಂದೆ ಅಂಟಿದ ನಕಾರ ಪಾರಸಿ ಕಡೆಯಿಂದ ಬಂದದ್ದು. ಮೈಸೂರು ಕಡೆಯವರು ಸೀಮೆಎಣ್ಣೆ ಎಂದದ್ದನ್ನು ಇಲ್ಲಿ ಚಿಮಣಿ ಎಣ್ಣಿ ಎಂದರು. ದೀಪದ ಗಾಜಿನ ಕೊಳವೆಗೆ ಇಂಗ್ಲಿಷಿನಲ್ಲಿದ್ದ ಚಿಮ್ನಿ ಎಂಬ ಹೆಸರು ಮೊದಲು ಇಡೀ ದೀಪಕ್ಕೆ, ಆಮೇಲೆ ಅದರೊಳಗಿನ ಎಣ್ಣೆಗೆ ಹರಡಿತು. ಪೋರ್ಚುಗೀಸರ ಪಗಾರ, ಬಟಾಟಿ ಕೂಡ ಇದೇ ಹಾದಿಯಲ್ಲಿ ಬಂದು ಪರಕೀಯತೆ ಕಳೆದುಕೊಂಡವು. 2021ರಲ್ಲಿ ಸರಕಾರ ಮುಂಬೈ ಕರ್ನಾಟಕಕ್ಕೆ ಕಿತ್ತೂರು ಕರ್ನಾಟಕವೆಂದು ಹೆಸರಿಟ್ಟಿತು. ಅದು ಸರಿಯಾದ ಗೌರವವೇ. ಆದರೂ ಒಂದು ಶತಮಾನಕ್ಕೂ ಮಿಕ್ಕಿದ ಆ ಆಡಳಿತದ ನೆನಪು ಹೆಸರಿನ ಫಲಕದಿಂದ ಅಳಿದರೂ ಮಾಸ್ತರ, ಚಿಮಣಿ, ನಪಾಸದಲ್ಲಿ ಉಳಿದಿದೆ. ಈ ಶಬ್ದಗಳನ್ನು ತಿದ್ದಿ ಅಳಿಸಿದರೆ ಅಳಿಯುವುದು ನಮ್ಮದೇ ಇತಿಹಾಸದ ದಾಖಲೆ.

ಧ್ವನಿಯಷ್ಟೇ ಅಲ್ಲದೆ ಅರ್ಥವೂ ಇಲ್ಲಿನ ಬದುಕಿಗೆ ತಕ್ಕಂತೆ ತಿರುಗಿದೆ. ಇಂಗ್ಲಿಷಿನಲ್ಲಿ ಬಿಲ್ ಎಂದರೆ ಕೊಡಬೇಕಾದ ಹಣದ ಚೀಟಿ. ಮಲಪ್ರಭೆಯ ದಂಡೆಯ ಕಬ್ಬು ಬೆಳೆಗಾರನಿಗೆ ಬಿಲ್ಲು ಎಂದರೆ ಕಾರ್ಖಾನೆಯಿಂದ ತನಗೆ ಬರಬೇಕಾದ ಹಣ, ವರ್ಷವಿಡೀ ಅವನು ಕಾಯುವ ದುಡಿಮೆಯ ಬೆಲೆ. ಗ್ಯಾಂಗು ಎಂದರೆ ಪುಂಡರ ಗುಂಪಲ್ಲ, ಕಬ್ಬು ಕಡಿಯಲು ಬರುವ ಆಳುಗಳ ತಂಡ. ಬೈಲಹೊಂಗಲ, ಸವದತ್ತಿ, ರಾಮದುರ್ಗ, ಕಿತ್ತೂರಿಗೆ ಇನ್ನೂ ರೈಲು ಬಂದಿಲ್ಲ. ಹಾಗಾಗಿ ಇಲ್ಲಿ ಟೇಶನ್ ಎಂದರೆ ಪೊಲೀಸ್ ಠಾಣೆಯೇ. ಹಟಕ್ಕೆ ಬಿದ್ದು ಸಿಟ್ಟಾದವನು ರಾಂಗ್ ಆಗಿದ್ದಾನೆ. ಇನ್ನು ವ್ಯಾಕರಣಕ್ಕೆ ಬಂದರೆ ಮಿಶ್ರಣದ ನಿಜವಾದ ಸ್ವರೂಪ ಕಾಣುತ್ತದೆ. ಟಿ.ಸಿ. ಸುಟ್ಟೈತಿ, ಮೋಟರ ಚಾಲೂ ಆಗವಲ್ದು, ಲೈನ್‌ಮನ್‌ಗ ಫೋನ್ ಹಚ್ಚು ಎಂಬ ಮಾತು ಈ ಭಾಗದ ಯಾವ ಹೊಲದಲ್ಲೂ ಕೇಳಬಹುದಾದದ್ದು. ವಿದ್ಯುತ್ ಪರಿವರ್ತಕಕ್ಕೆ ಹೇಳುವ ಟಿ.ಸಿ., ಮೋಟರು, ಲೈನ್‌ಮನ್, ಫೋನು ಇಂಗ್ಲಿಷಿನವು, ಚಾಲೂ ಮರಾಠಿಯ ದಾರಿಯಲ್ಲಿ ಬಂದದ್ದು. ಆದರೆ ಸುಡುವ ಕ್ರಿಯೆ, ಆಗದಿರುವ ನಿಷೇಧ, ಗಕಾರದ ವಿಭಕ್ತಿ, ಹಚ್ಚು ಎಂಬ ಆಜ್ಞೆ, ಮಾತುಗಳ ಸರಣಿ ಎಲ್ಲವೂ ಕನ್ನಡದ್ದು. ಫೋನಿಗೆ ಹಚ್ಚು ಎಂಬ ಕ್ರಿಯಾಪದವನ್ನು ಇಂಗ್ಲಿಷ್ ಕೊಡಲಿಲ್ಲ. ದೀಪ ಹಚ್ಚುವ, ಬಣ್ಣ ಹಚ್ಚುವ, ಕೆಲಸಕ್ಕೆ ಹಚ್ಚುವ ನಮ್ಮದೇ ಕ್ರಿಯಾಪದ ಹೊಸ ಯಂತ್ರಕ್ಕೂ ನೀಡಿದ ಕೈ ಅದು. ಎರವಲು ಬಂದದ್ದು ವಸ್ತುವಿನ ಹೆಸರು, ವಾಕ್ಯವನ್ನು ನಡೆಸುವ ಯಜಮಾನಿಕೆ ಕನ್ನಡದ ಹತ್ತಿರವೇ ಇದೆ.

ಇದು ನಮ್ಮ ಭಾಗದ ವಿಶೇಷ ದೌರ್ಬಲ್ಯವೇನೋ ಎಂಬ ಕೀಳರಿಮೆ ಇರುವವರು ಇಂಗ್ಲಿಷರ ಕಡೆಗೇ ನೋಡಬೇಕು. ಬೆಳಗಾವಿಯನ್ನು ಅವರು ಬೆಲ್ಗಾಮ್ ಎಂದರು, ಹುಬ್ಬಳ್ಳಿಯನ್ನು ಹುಬ್ಳಿ, ಧಾರವಾಡವನ್ನು ಧಾರ್ವಾರ್ ಎಂದು ಬರೆದರು. ಸವದತ್ತಿ ಅವರ ಕಾಗದಗಳಲ್ಲಿ ಸೌಂದತ್ತಿಯಾಯಿತು. 2014ರ ನವೆಂಬರ್ 1ರಂದು ಬೆಳಗಾವಿ ಸಹಿತ ಹನ್ನೆರಡು ಊರುಗಳ ಹೆಸರು ಇಂಗ್ಲಿಷಿನಲ್ಲೂ ಸರಿಯಾಗುವ ತನಕ ನಾವು ಅವನ್ನು ಹಾಗೆಯೇ ಬರೆದೆವು. ಯಾರೂ ಅದನ್ನು ಇಂಗ್ಲಿಷರ ಅಜ್ಞಾನವೆನ್ನಲಿಲ್ಲ, ಅವರ ಉಚ್ಚಾರ ಎಂದೆವು. 1886ರಲ್ಲಿ ಹಾಬ್ಸನ್-ಜಾಬ್ಸನ್ ಎಂಬ ಪ್ರಸಿದ್ಧ ಕೋಶ ಹೊರಬಂತು. ಭಾರತದಿಂದ ಇಂಗ್ಲಿಷ್ ಪಡೆದ ಶಬ್ದಗಳ ಸಂಗ್ರಹವದು. ಮೊಹರಮ್ಮಿನಲ್ಲಿ ಕೇಳಿದ ಯಾ ಹಸನ್, ಯಾ ಹುಸೇನ್ ಎಂಬ ಕೂಗನ್ನು ಇಂಗ್ಲಿಷ್ ಸಿಪಾಯಿಗಳ ಕಿವಿ ತಿರುಗಿಸಿಕೊಂಡ ರೂಪವೇ ಅದರ ಹೆಸರು. ಜಪಾನಿನವರು ಬಸ್ಸನ್ನು ಬಸು ಎನ್ನುತ್ತಾರೆ. ಪೂರ್ವ ಆಫ್ರಿಕದ ಸ್ವಾಹಿಲಿಯಲ್ಲಿ ಎಡಕ್ಕೆ ಹೋಗಿರಿ ಎಂಬ ಇಂಗ್ಲಿಷ್ ಫಲಕ ಓದಿ ರಸ್ತೆಯ ವೃತ್ತಕ್ಕೇ ಕಿಪ್ಲೆಫ್ಟಿ ಎಂದು ಹೆಸರಿಟ್ಟು, ತಮ್ಮ ವ್ಯಾಕರಣದಂತೆ ಅದಕ್ಕೆ ಬಹುವಚನವನ್ನೂ ಮಾಡಿಕೊಂಡರು. ನಮ್ಮಲ್ಲಿಯೂ ಹಲಗಲಿ ಬೇಡರ ಲಾವಣಿ ಕಟ್ಟಿದವರು ಈಸ್ಟ್ ಇಂಡಿಯಾ ಕಂಪನಿಯನ್ನು ಕುಂಪಣಿ ಮಾಡಿಕೊಂಡಿದ್ದರು. ಆ ಕಾಲದ ಲಾವಣಿಗಳನ್ನು ಜೆ.ಎಫ್. ಫ್ಲೀಟ್ 19ನೆಯ ಶತಮಾನದ ಕೊನೆಯಲ್ಲಿ ಸಂಗ್ರಹಿಸಿ ಪ್ರಕಟಿಸಿದರು. ಕುಂಪಣಿಯ ವಿರುದ್ಧ ಹಾಡಿದವರಿಗೆ ಅದರ ಹೆಸರನ್ನು ಅದರದೇ ಉಚ್ಚಾರದಲ್ಲಿ ಹೇಳಬೇಕೆಂಬ ಹಂಗು ಇರಲಿಲ್ಲ.

ಇಷ್ಟು ಹೇಳಿದ ಮೇಲೂ ಒಂದು ಗಂಭೀರ ಆಕ್ಷೇಪ ಉಳಿಯುತ್ತದೆ: ಹೀಗೆ ಒಳಬಿಡುತ್ತ ಹೋದರೆ ಕನ್ನಡವೇ ಉಳಿಯುವುದೇ? ಈ ಆತಂಕ ಸುಳ್ಳಲ್ಲ. ಆದರೆ ಅದು ಬೆರಳು ಮಾಡುವ ದಿಕ್ಕು ತಪ್ಪಾಗಿದೆ. ಟೇಶನ್, ಪಂಚರ, ಟಿ.ಸಿ. ಮೊದಲಾದವು ಹೊಸ ವಸ್ತು, ಹೊಸ ವ್ಯವಸ್ಥೆಯ ಜೊತೆಗೆ ಬಂದ ಹೆಸರುಗಳು. ಅವುಗಳಿಗಾಗಿ ಕನ್ನಡದ ಯಾವ ಮಾತೂ ಜಾಗ ಖಾಲಿ ಮಾಡಿಲ್ಲ. ಅಪಾಯ ಇರುವುದು ಬೇರೆ ಕಡೆ. ಓದಿದವರ ಮನೆಗಳಲ್ಲಿ ತೊಳೆ ಎಂಬುದು ವಾಶ್ ಮಾಡು ಆಗುತ್ತಿದೆ, ಕಾಯಿ ಎಂಬುದು ವೇಟ್ ಮಾಡು ಆಗುತ್ತಿದೆ, ಹುರಿ ಎಂಬುದು ಫ್ರೈ ಮಾಡು ಆಗುತ್ತಿದೆ. ಇಲ್ಲಿ ಹೊಸ ವಸ್ತುವೇನೂ ಬಂದಿಲ್ಲ. ನೂರಾರು ಕ್ರಿಯಾಪದಗಳಿದ್ದ ಭಾಷೆ ಮಾಡು ಎಂಬ ಒಂದೇ ಕ್ರಿಯೆಗೆ ಇಳಿಯುತ್ತಿದೆ. ಎಣಿಕೆ, ಬಣ್ಣ, ವಾರ, ನೆಂಟಸ್ತಿಕೆಯ ಮಾತುಗಳೂ ಹೀಗೆಯೇ ಜಾರುತ್ತಿವೆ. ಗಮನಿಸಬೇಕಾದ ಸಂಗತಿಯೆಂದರೆ, ಹೀಗೆ ಕನ್ನಡವನ್ನು ಒಳಗಿನಿಂದ ಬರಿದು ಮಾಡುವ ಶಬ್ದಗಳು ಸಾಮಾನ್ಯವಾಗಿ ಶುದ್ಧ ಇಂಗ್ಲಿಷ್ ಉಚ್ಚಾರದಲ್ಲೇ ಬರುತ್ತವೆ. ಉಚ್ಚಾರ ಬದಲಾಗಿದೆ ಎಂದರೆ ಭಾಷೆ ಶಬ್ದವನ್ನು ಅರಗಿಸಿಕೊಂಡಿದೆ, ಅದನ್ನು ಆಳುವಷ್ಟು ಬಲ ಅದಕ್ಕಿನ್ನೂ ಇದೆ ಎಂದರ್ಥ. ಉಚ್ಚಾರ ಬದಲಾಗದೆ ಶಬ್ದಗಳು ಸಾಲುಸಾಲಾಗಿ ಒಳಬಂದರೆ ಆಗ ಚಿಂತಿಸಬೇಕು. ನಾವು ನಗುತ್ತಿರುವುದು ಆರೋಗ್ಯದ ಲಕ್ಷಣಕ್ಕೆ, ಮೆಚ್ಚುತ್ತಿರುವುದು ರೋಗದ ಲಕ್ಷಣವನ್ನು.

ಎರಡನೆಯ ಆಕ್ಷೇಪ ತಂದೆತಾಯಿಗಳದು: ಟೇಶನ್, ಆಪೀಸ ಎನ್ನುವ ಮಗು ನಾಳೆ ಬೆಂಗಳೂರಿನ ಸಂದರ್ಶನದಲ್ಲಿ ಸೋಲುವುದಿಲ್ಲವೇ? ಈ ಕಳವಳವನ್ನು ಅಲ್ಲಗಳೆಯುವ ಹಕ್ಕು ಯಾರಿಗೂ ಇಲ್ಲ. ಇಂಗ್ಲಿಷ್ ಅನ್ನದ ಭಾಷೆಯಾಗಿದೆ. 2019-20ರಲ್ಲಿ ರಾಜ್ಯದ ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆದದ್ದೂ ಈ ಬೇಡಿಕೆಯಿಂದಲೇ. ನಮ್ಮ ಮಕ್ಕಳು ಎಲ್ಲರಿಗೂ ತಿಳಿಯುವ ಒಳ್ಳೆಯ ಇಂಗ್ಲಿಷ್ ಕಲಿಯಲೇಬೇಕು. ಆದರೆ ಅದನ್ನು ಕಲಿಸುವ ದಾರಿ ನಗುವಿನದಲ್ಲ. ಇಲ್ಲಿನ ಮಗು ಎಲ್ಲೆಲ್ಲಿ ತಡವರಿಸುತ್ತದೆ ಎಂಬುದನ್ನು ಮುಂಚೆಯೇ ಹೇಳಬಹುದು, ಏಕೆಂದರೆ ಅದರ ಮಾತಿಗೆ ನಿಯಮವಿದೆ. ಫಕಾರ ಪಕಾರವಾಗುತ್ತದೆ, ಮೊದಲಿನ ಒತ್ತಕ್ಷರ ಒಡೆಯುತ್ತದೆ, ಶಕಾರ ಸಕಾರವಾಗುತ್ತದೆ, ಗಿಡ್ಡ ಸ್ವರದ ಮುಂದಿನ ವ್ಯಂಜನ ಇಮ್ಮಡಿಸುತ್ತದೆ. ಈ ಪಟ್ಟಿ ಕೈಯಲ್ಲಿರುವ ಶಿಕ್ಷಕಿ, ಮನೆಯಲ್ಲಿ ಆಡುವ ಕನ್ನಡದಲ್ಲಿ ಟೇಶನ್ ಸರಿ, ಇಂಗ್ಲಿಷ್ ವಾಕ್ಯದಲ್ಲಿ ಸ್ಟೇಶನ್ ಸರಿ ಎಂದು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸಬಹುದು. ಆಗ ಮಗುವಿಗೆ ಎರಡು ಭಾಷೆಯ ಗಡಿ ಸ್ಪಷ್ಟವಾಗುತ್ತದೆ. ನಿನ್ನ ಅವ್ವ ಆಡುವುದು ತಪ್ಪು ಎಂದು ಹೇಳಿ ಆರಂಭಿಸಿದ ಪಾಠದಿಂದ ಮಗು ಇಂಗ್ಲಿಷ್ ಕಲಿಯುವುದಿಲ್ಲ, ಬಾಯಿ ಮುಚ್ಚುವುದನ್ನು ಕಲಿಯುತ್ತದೆ. ಬಾಯಿ ಮುಚ್ಚಿದ ಮಗುವಿಗೆ ಯಾವ ಭಾಷೆಯನ್ನೂ ಕಲಿಸಲಾಗದು.

ಮೂರನೆಯ ಆಕ್ಷೇಪ ಪಾರಿಭಾಷಿಕ ಪದಗಳನ್ನು ಕಟ್ಟುವವರದು: ಕನ್ನಡದಲ್ಲೇ ಹೊಸ ಶಬ್ದ ಸೃಷ್ಟಿಸಬಹುದಲ್ಲವೇ? ಖಂಡಿತ ಸೃಷ್ಟಿಸಬಹುದು, ಸೃಷ್ಟಿಸಿ ಗೆದ್ದಿದ್ದೇವೆ ಕೂಡ. ಆಕಾಶವಾಣಿ ಎಂಬ ಹೆಸರು ಮೈಸೂರಿನಲ್ಲಿ ಚಲಾವಣೆಗೆ ಬಂದು ಮುಂದೆ ಇಡೀ ದೇಶದ ರೇಡಿಯೊ ಸಂಸ್ಥೆಯ ಹೆಸರಾಯಿತು. ಆದರೆ ವಿದ್ಯುತ್ ಕಂಪನಿ ಹೆಸ್ಕಾಮಿನ ಕಾಗದದಲ್ಲಿ ವಿದ್ಯುತ್ ಪರಿವರ್ತಕ ಎಂದ ಮಾತ್ರಕ್ಕೆ ಅದು ಟಿ.ಸಿ.ಗಿಂತ ಹೆಚ್ಚು ಕನ್ನಡವಾಗುವುದಿಲ್ಲ. ಎರಡೂ ಹೊರಗಿನಿಂದ ಬಂದವೇ. ಒಂದು ರೈತನ ಬಾಯಲ್ಲಿ ಹಣ್ಣಾಗಿದೆ, ಇನ್ನೊಂದು ಕಾಗದದಲ್ಲಿ ಉಳಿದಿದೆ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಬಸ್ಸಿನ ಪ್ರಯಾಣ ಉಚಿತವಾದಾಗ ಕಾಗದ ಶೂನ್ಯ ಟಿಕೆಟ್ ಎಂದಿತು, ಎಲ್ಲಮ್ಮನ ಗುಡ್ಡಕ್ಕೆ ಹೊರಟವರು ಫ್ರೀ ಟಿಕೀಟ ಎಂದರು. ಆಡಳಿತ ಮಾತನಾಡಬೇಕಾದದ್ದು ಹಕ್ಕುದಾರರ ಜೊತೆ. ತನ್ನ ಹೊಲದ ಟಿ.ಸಿ. ಸುಟ್ಟಿದೆ ಎಂದು ಅರ್ಜಿ ಬರೆಯುವವನು ಪರಿವರ್ತಕ ಎಂಬ ಪದ ಗೊತ್ತಿಲ್ಲವೆಂದು ಇನ್ನೊಬ್ಬರ ಕೈಗೆ ಕಾಗದ ಕೊಡುವಂತಾದರೆ ಆ ಪದ ಕನ್ನಡಕ್ಕೆ ಸೇವೆ ಸಲ್ಲಿಸಿದಂತಾಗುವುದಿಲ್ಲ. ಹೊಸ ಪದ ಕಟ್ಟುವವರು ಕಟ್ಟಲಿ. ಜನ ಆಗಲೇ ಕಟ್ಟಿಕೊಂಡದ್ದನ್ನು ಮೊದಲು ನೋಡಿ, ಅದು ಸಾಲದಾದಾಗ ಕಟ್ಟಲಿ.

ಹಾಗಾದರೆ ಮಾಡಬೇಕಾದದ್ದೇನು? 1894ರಲ್ಲಿ ಕಿಟ್ಟೆಲ್ ತಮ್ಮ ಕನ್ನಡ-ಇಂಗ್ಲಿಷ್ ನಿಘಂಟನ್ನು ಹೊರತಂದಾಗ ಜನರ ಬಾಯಲ್ಲಿ ಓಡಾಡುತ್ತಿದ್ದ ಪರಭಾಷೆಯ ಶಬ್ದಗಳನ್ನೂ ಕನ್ನಡದ ಆಸ್ತಿಯೆಂದೇ ಸೇರಿಸಿಕೊಂಡರು. ಆ ಧೈರ್ಯ ನಮಗೆ ಮತ್ತೆ ಬೇಕು. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳು ಈ ನಾಲ್ಕು ತಾಲೂಕುಗಳ ಕಬ್ಬಿನ ಹೊಲ, ಜಿನ್ನಿಂಗ್ ಫ್ಯಾಕ್ಟರಿ, ಮಗ್ಗದ ಮನೆ, ಗ್ಯಾರೇಜುಗಳಲ್ಲಿ ಬಳಕೆಯಲ್ಲಿರುವ ಶಬ್ದಗಳನ್ನು ಉಚ್ಚಾರ, ಅರ್ಥ, ಬಂದ ದಾರಿ ಸಹಿತ ಸಂಗ್ರಹಿಸಲಿ. ಇಂಗ್ಲಿಷ್ ಕಲಿಸುವ ಶಿಕ್ಷಕರ ತರಬೇತಿಯಲ್ಲಿ ಇಲ್ಲಿನ ಉಚ್ಚಾರದ ನಿಯಮಗಳು ಒಂದು ಪಾಠವಾಗಲಿ, ಕನ್ನಡದ ತದ್ಭವ ಪಾಠದಲ್ಲಿ ತಾಣದ ಪಕ್ಕ ಟೇಶನ್ ಕೂಡ ಉದಾಹರಣೆಯಾಗಿ ಬರಲಿ. ಕಚೇರಿಗಳು ಅರ್ಜಿಯಲ್ಲಿ ಆಡುಮಾತಿನ ಶಬ್ದ ಕಂಡರೆ ಅದನ್ನು ಒಪ್ಪಿಕೊಳ್ಳಲಿ. ಇದರಲ್ಲಿ ಯಾವುದಕ್ಕೂ ಕೋಟಿಗಟ್ಟಲೆ ಹಣ ಬೇಡ. ಮಾತಾಡುವ ಮಂದಿ ತಮ್ಮ ಮಾತಿನ ಬಗ್ಗೆ ಮಾಡುವ ತೀರ್ಮಾನ ಮೂಢರ ತೀರ್ಮಾನವಲ್ಲ ಎಂಬ ನಂಬಿಕೆಯಷ್ಟೇ ಬೇಕು. ಸಂಸ್ಕೃತ, ಪಾರಸಿ, ಮರಾಠಿ, ಪೋರ್ಚುಗೀಸ್ ಶಬ್ದಗಳನ್ನೆಲ್ಲ ತನ್ನ ಕಟ್ಟಳೆಗೆ ಬಗ್ಗಿಸಿಕೊಂಡು ಕನ್ನಡ ಇಲ್ಲಿಯವರೆಗೆ ಬಂದಿದೆ. ಇಂಗ್ಲಿಷನ್ನೂ ಹಾಗೆಯೇ ಬಗ್ಗಿಸಿಕೊಳ್ಳುತ್ತಿರುವವರು ಈ ಸೀಮೆಯ ರೈತರು, ನೇಕಾರರು, ಡ್ರೈವರರು, ಮನೆಯ ಹೆಣ್ಣುಮಕ್ಕಳು. ಕನ್ನಡವನ್ನು ಉಳಿಸಬೇಕೆನ್ನುವವರು ಪಾಠ ಕಲಿಯಬೇಕಾದದ್ದು ಇವರ ಹತ್ತಿರ.